ಡೌನ್ ಸಿಂಡ್ರೋಮ್ ಇರುವ ತಮ್ಮನಿಗೆ ಆರೋಗ್ಯದ ಸಲಹೆ ತಲುಪಿಸೋದು ಹೇಗೆ?

ನೀವು ಕೇಳಿರೋದು ಇದು: ತಮ್ಮನಿಗೆ 24 ವರ್ಷ, ಡೌನ್ ಸಿಂಡ್ರೋಮ್ ಇದೆ. ಬೌದ್ಧಿಕ ನ್ಯೂನತೆ ಇರೋರ ಕ್ರೀಡಾಕೂಟವಾದ ಸ್ಪೆಷಲ್ ಒಲಿಂಪಿಕ್ಸ್‌ಗಾಗಿ 100 ಮೀಟರ್ ಓಟ, ಶಾಟ್‌ಪುಟ್ ಅಭ್ಯಾಸ ಮಾಡ್ತಿದ್ದಾನೆ. ತಪಾಸಣೆ ಶಿಬಿರದಲ್ಲಿ ಸಲಹೆಗಳ ಹಾಳೆಯೊಂದನ್ನು ಕೊಟ್ಟಿದ್ದಾರೆ, ಅದೂ ಇಂಗ್ಲಿಷ್‌ನಲ್ಲಿ. ನೀವು ಕನ್ನಡದಲ್ಲಿ ಹೇಳಿದ್ರೆ ಎಲ್ಲಕ್ಕೂ "ಹೂಂ" ಅಂತಾನೆ, ಮಾಡೋದು ಮಾತ್ರ ಒಂದೂ ಇಲ್ಲ.

ನಾನು ಫಿಸಿಯೋಥೆರಪಿಸ್ಟ್. ವಿಶೇಷ ಶಾಲೆಯ ಮಕ್ಕಳಿಗೆ ಅಭ್ಯಾಸ ಮಾಡಿಸ್ತೀನಿ, ಇಂಥ ಶಿಬಿರಗಳಲ್ಲೂ ಕೆಲಸ ಮಾಡ್ತೀನಿ. ಆ "ಹೂಂ" ನನಗೆ ಚೆನ್ನಾಗಿ ಗೊತ್ತು. ಹೂಂ ಅಂದ್ರೆ ದೊಡ್ಡವರು ಖುಷಿಯಾಗ್ತಾರೆ, ಮಾತು ಬೇಗ ಮುಗಿಯುತ್ತೆ ಅನ್ನೋದನ್ನ ಇವರು ಚಿಕ್ಕಂದಿನಿಂದ ಕಲಿತಿರ್ತಾರೆ. ಹಾಗಾಗಿ "ಅರ್ಥ ಆಯ್ತಾ?" ಅಂತ ಕೇಳೋದನ್ನೇ ಬಿಟ್ಟುಬಿಡಿ. "ಎಲ್ಲಿ, ಮಾಡಿ ತೋರಿಸು" ಅನ್ನಿ. ತೋರಿಸಿದರೆ ತಲುಪಿದೆ. ತೋರಿಸಲಿಲ್ಲ ಅಂದ್ರೆ ಹೇಳಿದ ರೀತಿ ಬದಲಾಗಬೇಕು. ಅವನನ್ನ ಬೈದು ಪ್ರಯೋಜನ ಇಲ್ಲ.

ಸ್ಪೆಷಲ್ ಒಲಿಂಪಿಕ್ಸ್‌ನ 'ಹೆಲ್ದಿ ಅಥ್ಲೀಟ್ಸ್' ಕಾರ್ಯಕ್ರಮ 1997ರಲ್ಲಿ ಶುರುವಾಗಿದ್ದು. ಕಣ್ಣು, ಕಿವಿ, ಹಲ್ಲು, ಪಾದ ಎಲ್ಲ ಉಚಿತವಾಗಿ ನೋಡ್ತಾರೆ. ಅಲ್ಲಿ ಪರೀಕ್ಷೆ ಮಾಡೋ ಕ್ರಮ ನನಗೆ ತುಂಬಾ ಇಷ್ಟ. ಅಕ್ಷರ ಬರದವರಿಗೆ ಕಣ್ಣಿನ ಪರೀಕ್ಷೆಗೆ ಸೇಬು, ಮನೆ, ವೃತ್ತ, ಚೌಕದ ಚಿತ್ರಗಳಿರೋ ಹಲಗೆ ಇರುತ್ತೆ. ಹೆಸರು ಹೇಳೋಕೂ ಬರದಿದ್ರೆ ಕೈಯಲ್ಲಿರೋ ಕಾರ್ಡಲ್ಲಿ ಅದೇ ಚಿತ್ರ ಮುಟ್ಟಿದ್ರೆ ಸಾಕು. ಪರೀಕ್ಷೆಯನ್ನ ಇಷ್ಟು ಚೆನ್ನಾಗಿ ಅವರಿಗೆ ಹೊಂದಿಸಿ ಮಾಡಿದ ಮೇಲೆ, ಎಷ್ಟೋ ಕಡೆ ಕೊನೆಗೆ ಕೈಗೆ ಕೊಡೋದು ಮಾತ್ರ ಸಣ್ಣ ಅಕ್ಷರದ ಹಾಳೆ, ಅದೂ ಅಮ್ಮನ ಕೈಗೆ! ಅಮ್ಮಂದಿರೂ "ಅವನಿಗೇನ್ ಗೊತ್ತಾಗತ್ತೆ ಮೇಡಂ, ನಂಗೆ ಹೇಳಿ" ಅಂತಾರೆ. ಓಡೋ ಕಾಲು ಅವನದು, ಹೇಳೋದು ಅವನಿಗೇ.

ಹಾಳೆಯಲ್ಲಿ ಹತ್ತು ಸಲಹೆ ಇದ್ರೆ ಈ ತಿಂಗಳಿಗೆ ಒಂದನ್ನ ಆರಿಸ್ಕೊಳ್ಳಿ. ನನ್ನನ್ನ ಕೇಳಿದ್ರೆ ಶೂನಿಂದ ಶುರು ಮಾಡಿ. ಡೌನ್ ಸಿಂಡ್ರೋಮ್ ಇರೋರ ಪಾದ ಸಾಮಾನ್ಯವಾಗಿ ಗಿಡ್ಡ, ಅಗಲ, ಚಪ್ಪಟೆ. ಅಗಲಕ್ಕೆ ಸರಿಹೋಗ್ಲಿ ಅಂತ ಉದ್ದದ ಶೂ ತಗೊಂಡ್ರೆ ಮುಂದೆ ಖಾಲಿ, ಓಡುವಾಗ ಎಡವ್ತಾರೆ. ಉದ್ದಕ್ಕೆ ಸರಿಯಾಗಿ ತಗೊಂಡ್ರೆ ಕಿರುಬೆರಳು ಒತ್ತುತ್ತೆ. ಕಚ್ತಿದೆ ಅಂತ ಬಾಯಿಬಿಟ್ಟು ಹೇಳೋರು ಕಡಿಮೆ. ಸಂಜೆ ಹೊತ್ತು ಅವನನ್ನ ರಟ್ಟಿನ ಮೇಲೆ ನಿಲ್ಲಿಸಿ, ಪಾದದ ಸುತ್ತ ಅವನ ಕೈಯಲ್ಲೇ ಗೆರೆ ಎಳೆಸಿ, ಕತ್ತರಿಸಿ. ಆ ರಟ್ಟಿನ ಪಾದವನ್ನ ಶೂ ಒಳಗೆ ಅವನೇ ತೂರಿಸಲಿ. ಮಡಚಿಕೊಂಡ್ರೆ ಶೂ ಬೇಡ. "ಸರಿಯಾದ ಅಳತೆಯ ಪಾದರಕ್ಷೆ ಧರಿಸಿ" ಅನ್ನೋ ವಾಕ್ಯಕ್ಕೆ ಇದಕ್ಕಿಂತ ಒಳ್ಳೆ ಅನುವಾದ ನನಗೆ ಗೊತ್ತಿಲ್ಲ. ಅಂಗಡಿಗೂ ಆ ರಟ್ಟನ್ನೇ ಒಯ್ದು ಅಲ್ಲೂ ಅವನ ಕೈಲೇ ನೋಡಿಸಿ.

ನೀರಿನದೂ ಹಾಗೇ. "ದಿನಕ್ಕೆ ಎಂಟು ಲೋಟ" ಅಂದ್ರೆ ಎಣಿಕೆ ಗಟ್ಟಿಯಿಲ್ಲದವರಿಗೆ ಏನೂ ಹೇಳಿದ ಹಾಗಲ್ಲ. ಅವನ ಬಾಟಲಿಗೇ ಬಣ್ಣದ ಟೇಪ್ ಅಂಟಿಸಿ, ವಾರ್ಮ್‌ಅಪ್ ಮುಗಿದ ಮೇಲೆ ಕೆಂಪು ಗೆರೆ ತನಕ, ಓಟ ಮುಗಿದ ಮೇಲೆ ಹಸಿರು ಗೆರೆ ತನಕ ಅಂತ ಗೊತ್ತು ಮಾಡಿ. ಗಡಿಯಾರಕ್ಕಿಂತ ಕೋಚ್ ವಿಸಿಲ್ ಒಳ್ಳೆ ಗುರುತು.

ಚಿತ್ರ ಹಾಕಿದ್ರೆ ಎಲ್ಲ ಅರ್ಥ ಆಗುತ್ತೆ ಅನ್ನೋದೂ ಒಂದು ಭ್ರಮೆ. ಇಂಟರ್ನೆಟ್‌ನಿಂದ ತೆಗೆದ ಹಲ್ಲುಜ್ಜೋ ಕಾರ್ಟೂನ್ ಮೊಲ 24 ವರ್ಷದ ಗಂಡಸಿಗೆ ಯಾಕೆ? ಅವನ ಬ್ರಷ್, ನಿಮ್ಮ ಬಚ್ಚಲಮನೆ, ಅವನದೇ ಮುಖ ಇರೋ ಫೋಟೋ ಮೊಬೈಲಲ್ಲಿ ತೆಗೆದು ಪ್ರಿಂಟ್ ಹಾಕಿಸಿ. ಒಂದು ಫೋಟೋಗೆ ಒಂದು ಚಿಕ್ಕ ವಾಕ್ಯ, ಮನೇಲಿ ಆಡೋ ಮಾತಿನಲ್ಲೇ. ಚಿಪ್ಸ್ ಪ್ಯಾಕೆಟ್ ಮೇಲೆ ಕೆಂಪು ಅಡ್ಡಗೀಟು ಹಾಕಿದ ಚಿತ್ರ ಬೇಡ. ಗೀಟು ಮರೆತುಹೋಗುತ್ತೆ, ಚಿಪ್ಸ್ ನೆನಪಲ್ಲಿ ಉಳಿಯುತ್ತೆ. ಏನು ತಿನ್ನಬೇಕೋ ಅದರ ಫೋಟೋ ಹಾಕಿ.

ಎಲ್ಲಕ್ಕಿಂತ ಕಷ್ಟದ್ದು ನೋವು. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ, ಯಾಕಂದ್ರೆ ಡೌನ್ ಸಿಂಡ್ರೋಮ್‌ನಲ್ಲಿ ಕೆಲವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲವಾಗಿರುತ್ತೆ. ಬೆನ್ನುಹುರಿ ಒತ್ತಿಹೋಗೋ ಅಪಾಯ ಇದೆ. ಕತ್ತು ನೋವು, ಕತ್ತು ಒಂದು ಕಡೆ ವಾಲೋದು, ನಡಿಗೆ ಬದಲಾಗೋದು, ಕೈಯಲ್ಲಿ ಬಲ ಕಮ್ಮಿಯಾಗೋದು, ಹೊಸದಾಗಿ ಬಟ್ಟೆಯಲ್ಲೇ ಮೂತ್ರ ಹೋಗೋದು: ಇವುಗಳಲ್ಲಿ ಒಂದು ಕಂಡ್ರೂ ಅಭ್ಯಾಸ ನಿಲ್ಲಿಸಿ ತಕ್ಷಣ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ಬೇಕು. "ಅದೇನೋ ಹಟ, ಸೋಮಾರಿತನ, ಇಂಥ ಮಕ್ಕಳು ಹಾಗೇ" ಅಂತ ಎಷ್ಟೋ ಸಲ ತಳ್ಳಿಹಾಕಿಬಿಡ್ತಾರೆ. ಡಾಕ್ಟರೂ ಇದಕ್ಕೆ ಹೊರತಲ್ಲ.

ಅವನಿಂದ ನೋವು ತಿಳ್ಕೊಳ್ಳೋದು ಹೇಗೆ? ಒಂದರಿಂದ ಹತ್ತರಲ್ಲಿ ಎಷ್ಟು ಅಂತ ಕೇಳಬೇಡಿ. "ನೋವಿದೆಯಾ, ಇಲ್ವಾ?" ಅಂದ್ರೆ ಕೊನೇ ಮಾತನ್ನೇ ತಿರುಗಿ ಹೇಳೋರಿದ್ದಾರೆ: "ಇಲ್ವಾ." ನಾನು "ಎಲ್ಲಿ ನೋವು, ಮುಟ್ಟು" ಅಂತೀನಿ. ಆಮೇಲೆ ನೋವೇ ಇರದ ಜಾಗ ಮುಟ್ಟಿ "ಇಲ್ಲಿ?" ಅಂತ ಕೇಳ್ತೀನಿ. ಅದಕ್ಕೂ ಹೂಂ ಬಂದ್ರೆ ಮೊದಲಿನ ಹೂಂ ಮೇಲೆ ಭರವಸೆ ಇಡದೆ ಅವನ ನಡಿಗೆ, ಮುಖ, ಊಟ, ನಿದ್ದೆ ನೋಡ್ತೀನಿ. ಮತ್ತೊಂದು ಮಾತು: ಪಂದ್ಯದಿಂದ ತೆಗೆದುಹಾಕ್ತಾರೆ ಅನ್ನೋ ಭಯಕ್ಕೆ ನೋವು ಮುಚ್ಚಿಡೋರು ಇವರಲ್ಲೂ ಧಾರಾಳ. ನೋವು ಹೇಳಿದ ದಿನ ಬೈಗುಳ ತಿಂದ್ರೆ ಮುಂದಿನ ಸಲ ಹೇಳಲ್ಲ.

ಫಿಟ್ಸ್ ಮಾತ್ರೆ ತಗೊಳ್ಳೋರಿದ್ರೆ ಪ್ರಯಾಣದ ದಿನ ಡೋಸ್ ತಪ್ಪದ ಹಾಗೆ ಮಾತ್ರೆ ಸ್ಟ್ರಿಪ್‌ನ ಫೋಟೋ ಕೋಚ್ ಹತ್ತಿರವೂ ಇರಲಿ. ನಿಮ್ಮ ತಮ್ಮನಿಗೆ ಬೇಕಿಲ್ಲದಿದ್ರೂ ಇದನ್ನ ಓದೋ ಬೇರೆಯವರಿಗೆ ಬೇಕಾಗಬಹುದು.

ಇನ್ನು ಆ ಇಂಗ್ಲಿಷ್ ಹಾಳೆ. ಸರಳ ಕನ್ನಡದಲ್ಲಿ ಕೊಡಿ ಅಂತ ಅದನ್ನ ಕೊಟ್ಟವರನ್ನ ಕೇಳೋಕೆ ಸಂಕೋಚ ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 'ಸಂವಹನ' ಅಂದ್ರೆ ಏನು ಅಂತ ಪಟ್ಟಿ ಮಾಡೋವಾಗ ಬ್ರೈಲ್, ಸಂಜ್ಞಾ ಭಾಷೆ ಜೊತೆಗೆ ಸರಳ ಭಾಷೆಯನ್ನೂ ಸೇರಿಸಿದ್ದಾರೆ. ಮುಂದಿನ ಶಿಬಿರಕ್ಕೆ ಹೋದಾಗ ಡಾಕ್ಟರು ನಿಮ್ಮನ್ನ ನೋಡ್ಕೊಂಡು ಮಾತಾಡಿದ್ರೆ "ಸರ್, ಅವನಿಗೇ ಹೇಳಿ, ನಾನು ಪಕ್ಕದಲ್ಲಿರ್ತೀನಿ" ಅನ್ನಿ. ಅಲ್ಲೇ, ಅವರ ಎದುರಿಗೇ, ತಮ್ಮನ ಕೈಲಿ ಒಂದು ಸಲ ಮಾಡಿಸಿಯೂಬಿಡಿ. ಬ್ರಷ್ ಹಿಡಿಯೋದಾಗಲಿ, ಪಾದ ಒರೆಸೋದಾಗಲಿ, ಅದನ್ನ ವೀಡಿಯೋ ತೆಗೆದಿಟ್ಟುಕೊಂಡ್ರೆ ಮನೇಲಿ ತೋರಿಸೋಕೆ ಬೇರೆ ಹಾಳೆ ಬೇಕಾಗಲ್ಲ.