ಬೆಳಕು ನೀರಿಗಿಳಿಯುವಾಗ ಬಾಗುವುದು ಯಾಕೆ? ಸೂತ್ರ ಗೊತ್ತು, ಕಾರಣ ಹೊಳೆಯುತ್ತಿಲ್ಲ

‘ಲಂಬದ ಕಡೆಗೆ ಬಾಗುತ್ತದೆ’ (ಅಂದರೆ ನೀರಿನ ಮೇಲ್ಮೈಗೆ ನೆಟ್ಟಗೆ ನಿಂತ ಗೆರೆಯ ಕಡೆಗೆ) ಅನ್ನುವುದು ಬಾಯಿಪಾಠವಾಗಿದೆ, ಯಾಕೆ ಅಂತ ತಿಳಿದಿಲ್ಲ ಎಂದಿದ್ದೀರಿ. ನನ್ನ ಸಲಹೆ ಇಷ್ಟು: ಸ್ವಲ್ಪ ಹೊತ್ತು ಕಿರಣವನ್ನು ಮರೆತುಬಿಡಿ, ಅಲೆಗಳನ್ನು ಬರೆದು ನೋಡಿ. ಒಂಟಿ ಗೆರೆಯನ್ನು ಎಷ್ಟು ದಿಟ್ಟಿಸಿದರೂ ಅದು ತಿರುಗುವುದಕ್ಕೆ ಕಾರಣ ಕಾಣುವುದಿಲ್ಲ.

ಗಾಳಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ನೀರಿನಲ್ಲಿ ಸುಮಾರು 2.25 ಲಕ್ಷ, ಅಂದರೆ ಮುಕ್ಕಾಲು ಪಾಲು. ಆದರೆ ಆವರ್ತನ, ಅಂದರೆ ಸೆಕೆಂಡಿಗೆ ಬರುವ ಅಲೆಗಳ ಎಣಿಕೆ, ಬದಲಾಗುವುದಿಲ್ಲ. ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ, ಗುಟ್ಟು ಇರುವುದು ಇಲ್ಲೇ. ಸೆಕೆಂಡಿಗೆ ಎಷ್ಟು ಅಲೆ ಗಡಿಗೆ ಬಂದವೋ ಅಷ್ಟೇ ಒಳಗೆ ಹೋಗಬೇಕು. ವೇಗ ಕಮ್ಮಿಯಾಯಿತು, ಎಣಿಕೆ ಅಷ್ಟೇ ಉಳಿಯಿತು. ಹಾಗಾದರೆ ಅಲೆಗಳು ಒತ್ತೊತ್ತಾಗಿ ಬರಲೇಬೇಕು, ಅಲ್ವಾ?

ಈಗ ಕಾಗದ, ಕೈವಾರ ತೆಗೆದುಕೊಳ್ಳಿ. ಒಂದು ಅಡ್ಡಗೆರೆ ಎಳೆಯಿರಿ, ಅದು ನೀರಿನ ಮೇಲ್ಮೈ. ಅದರ ಮೇಲೆ 45 ಡಿಗ್ರಿ ಬಲಕ್ಕೆ ವಾಲಿದ ಗೆರೆಗಳನ್ನು 2 ಸೆಂ.ಮೀ. ಅಂತರದಲ್ಲಿ ಎಳೆಯಿರಿ. ಇವು ಅಲೆಯ ಉಬ್ಬುಗಳು. ಇವು ಮೇಲ್ಮೈ ಮುಟ್ಟಿದ ಬಿಂದುಗಳಿಂದಲೇ ನೀರಿನೊಳಗಿನ ಗೆರೆಗಳು ಮುಂದುವರಿಯಬೇಕು, ಆದರೆ ಅಂತರ 1.5 ಸೆಂ.ಮೀ. ಮಾತ್ರ. ಒಂದು ಬಿಂದುವಿನಲ್ಲಿ ಕೈವಾರ ಊರಿ ಕೆಳಗೆ 1.5 ಸೆಂ.ಮೀ. ತ್ರಿಜ್ಯದ ಕಂಸ ಹಾಕಿ. ಅದರ ಬಲಪಕ್ಕದ ಬಿಂದುವಿನಿಂದ ಆ ಕಂಸಕ್ಕೆ ಸ್ಪರ್ಶಕ ಎಳೆಯಿರಿ. ಡಚ್ ವಿಜ್ಞಾನಿ ಹೈಗೆನ್ಸ್ 1690ರಲ್ಲಿ ಪ್ರಕಟಿಸಿದ ವಿಧಾನ ಇದೇ.

ಗೆರೆಗಳು ಮೊದಲಿಗಿಂತ ಮಲಗಿದ್ದು ಕಾಣುತ್ತದೆ. ಬಿಂದುಗಳು ಅಲ್ಲೇ ಇರಬೇಕು, ಅಂತರ ಮಾತ್ರ ಕಮ್ಮಿಯಾಗಬೇಕು ಎಂದರೆ ಗೆರೆಗೆ ಬೇರೆ ದಾರಿಯೇ ಇಲ್ಲ. ಬೆಳಕು ಈ ಗೆರೆಗಳಿಗೆ ಲಂಬವಾಗಿ ಸಾಗುತ್ತದೆ, ಹಾಗಾಗಿ ಅದರ ದಿಕ್ಕೂ ತಿರುಗಿತು. ಕೋನಮಾಪಕ ಇಟ್ಟು ನೋಡಿ: 45 ಇದ್ದದ್ದು ಸುಮಾರು 32 ಡಿಗ್ರಿ ಆಗಿರುತ್ತದೆ. ಬಾಗುವ ಕೋನದ ಸೂತ್ರವಾದ ಸ್ನೆಲ್ ನಿಯಮ ಕೊಡುವ ಉತ್ತರವೂ ಅದೇ. ಬೆಳಕು ನೇರವಾಗಿ ಕೆಳಗೆ ಬಿದ್ದರೆ ಉಬ್ಬು ಇಡಿಯಾಗಿ ಒಮ್ಮೆಲೇ ನಿಧಾನವಾಗುತ್ತದೆ, ಬಾಗುವುದಿಲ್ಲ.

ಇದಾದ ಮೇಲೆ ಉಲ್ಟಾ ಮಾಡಿ ನೋಡಿ, ನನಗೆ ಬಹಳ ಇಷ್ಟವಾದ ಭಾಗ ಅದು. ಬೆಳಕು ನೀರಿನಿಂದ ಗಾಳಿಗೆ ಬರುತ್ತಿದೆ ಎಂದುಕೊಳ್ಳಿ: ಗೆರೆಗಳ ಅಂತರ ನೀರಿನಲ್ಲಿ 1.5, ಹೊರಗೆ 2 ಸೆಂ.ಮೀ. ಓರೆ ಹೆಚ್ಚಿಸುತ್ತಾ ಹೋದಂತೆ ಬಿಂದುಗಳು ಹತ್ತಿರವಾಗುತ್ತವೆ. ಸುಮಾರು 49 ಡಿಗ್ರಿ ದಾಟಿದರೆ ಅವುಗಳ ನಡುವೆ 2 ಸೆಂ.ಮೀ. ಕೂಡ ಇರುವುದಿಲ್ಲ. ಪಕ್ಕದ ಬಿಂದು ಕಂಸದ ಒಳಗೇ ಸಿಕ್ಕಿಬೀಳುತ್ತದೆ, ಸ್ಪರ್ಶಕ ಎಳೆಯೋಕೆ ಆಗುವುದೇ ಇಲ್ಲ. ಪೂರ್ಣ ಆಂತರಿಕ ಪ್ರತಿಫಲನ ಆಗುವುದು ಆಗಲೇ: ಬೆಳಕಿಗೆ ಹೊರಗೆ ಹೋಗುವ ದಿಕ್ಕೇ ಉಳಿದಿಲ್ಲ, ಎಲ್ಲವೂ ನೀರಿಗೇ ಮರಳುತ್ತದೆ.