ಖರ್ಜೂರದ ಹೂರಣ, ಓಟ್ಸ್ ಕಣಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆನಡಾದ ವಿನ್ನಿಪೆಗ್‌ನಲ್ಲಿ ಚಳಿ ಮೈನಸ್ 30ಕ್ಕೆ ಇಳಿದ ದಿನ ನಾನು ಖರ್ಜೂರದ ಸ್ಕ್ವೇರ್ ಬೇಯಿಸುತ್ತಾ ಕೂರುತ್ತಿದ್ದೆ ಅಂತ ಕಳೆದ ತಿಂಗಳು ಸುಮ್ನೆ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ಅದೇ. ಹುಳಿಪುಡಿ ಕೇಳಿದವರು ಇನ್ನೊಂದು ತಿಂಗಳು ತಡೆದುಕೊಳ್ಳಿ.

ಅಕ್ಕಾ, ನನ್ನ ಮಗಳು ಕೆನಡಾದ ರಿಜೈನಾದಲ್ಲಿ ಓದುತ್ತಿದ್ದಾಳೆ. ಅಲ್ಲಿ ಯಾರದೋ ಮನೆಯಲ್ಲಿ ‘ಮ್ಯಾಟ್ರಿಮೋನಿಯಲ್ ಕೇಕ್’ ತಿಂದಳಂತೆ. ರಜಕ್ಕೆ ಬಂದಾಗ ಮಾಡಿಕೊಡು ಅಂತಾಳೆ. ಹೆಸರು ಕೇಳಿಯೇ ನನಗೆ ಎದೆ ಧಸಕ್ ಅಂತು. ಏನಿದು? ಮೊಟ್ಟೆ ಹಾಕುತ್ತಾರಾ?
— ಒಬ್ಬ ತಾಯಿ, ದಾವಣಗೆರೆ

ಗಾಬರಿ ಬೇಡ ತಾಯಿ, ಮಗಳು ಯಾರನ್ನೂ ನೋಡಿಕೊಂಡಿಲ್ಲ. ಕೇಕ್ ಅಷ್ಟೇ ತಿಂದಿದ್ದಾಳೆ. ಅದೂ ಕೇಕ್ ಅಲ್ಲ, ನಾನು ಹೇಳಿದ ಖರ್ಜೂರದ ಸ್ಕ್ವೇರೇ. ಕೆಳಗೊಂದು ಪದರ ಓಟ್ಸ್, ಬೆಣ್ಣೆ, ಸಕ್ಕರೆ ಕಲಸಿದ ಪುಡಿ, ನಡುವೆ ಬೇಯಿಸಿದ ಖರ್ಜೂರ, ಮೇಲೆ ಮತ್ತೆ ಅದೇ ಪುಡಿ. ಬೇಯಿಸಿ ಚೌಕ ಚೌಕವಾಗಿ ಕತ್ತರಿಸುತ್ತಾರೆ. ಮೊಟ್ಟೆ ಇಲ್ಲ. ನಮ್ಮ ಅತ್ತೆಯವರು ವಿನ್ನಿಪೆಗ್‌ಗೆ ಬಂದಾಗ ಧೈರ್ಯವಾಗಿ ತಿಂದ ಮೊದಲ ಬೇಕರಿ ತಿಂಡಿ ಇದೇ.

ಮದುವೆಯ ಹೆಸರು ಯಾಕೆ ಬಂತು ಅನ್ನುವುದಕ್ಕೆ ಜನ ಒಂದೊಂದು ಕಥೆ ಹೇಳುತ್ತಾರೆ. ಒರಟು ಪುಡಿ, ನಯವಾದ ಹೂರಣ, ಎರಡೂ ಸೇರಿದರೆ ಸಂಸಾರ ಅನ್ನುವುದು ಹೆಚ್ಚು ಕೇಳುವ ಕಥೆ. ಆದರೆ ನಾನು ಈ ಮದುವೆ ಕೇಕನ್ನು ಮೊದಲು ತಿಂದಿದ್ದು ಸಾವಿನ ಊಟದಲ್ಲಿ! 1998ರ ಚಳಿಗಾಲ. ಪಕ್ಕದ ಮನೆ ಅಜ್ಜಿಯ ಯಜಮಾನರು ತೀರಿಕೊಂಡಿದ್ದರು. ಚರ್ಚಿನ ನೆಲಮಾಳಿಗೆಯಲ್ಲಿ ಉದ್ದದ ಮೇಜು, ಅದರ ಮೇಲೆ ತಟ್ಟೆ ತುಂಬ ಸಣ್ಣ ಸಣ್ಣ ಸಿಹಿ ತುಂಡುಗಳು. ಆ ಊರಲ್ಲಿ ಅವಕ್ಕೆ ‘ಡೇಂಟೀಸ್’ ಅನ್ನುತ್ತಾರೆ. ಯಾವುದರಲ್ಲಿ ಮೊಟ್ಟೆ ಇದೆಯೋ ಗೊತ್ತಾಗದೆ ನಾನು ಕೈಕಟ್ಟಿ ನಿಂತಿದ್ದೆ. ಅಜ್ಜಿಯೇ ಬಂದು, ಅಷ್ಟು ದುಃಖದಲ್ಲೂ, ಕಂದು ಬಣ್ಣದ ಒಂದು ತುಂಡು ತೋರಿಸಿ ‘ಇದು ನಿನಗೆ ಆಗುತ್ತೆ’ ಅಂದರು. ಕಚ್ಚಿದೆ. ಬಾಯಲ್ಲಿ ಹೋಳಿಗೆ ಹೂರಣದ ನೆನಪು. ಎರಡು ವಾರ ಬಿಟ್ಟು ಅವರ ಅಡುಗೆಮನೆಯಲ್ಲಿ ನಿಂತು ಕಲಿತೆ.

ಅವರ ಅಳತೆಯನ್ನು ನಮ್ಮ ಸಾಮಾನಿಗೆ ಹೊಂದಿಸಿ ಕೊಡುತ್ತೇನೆ. ಬೀಜ ತೆಗೆದ ಖರ್ಜೂರ 400 ಗ್ರಾಂ. ಹೆಚ್ಚಿ, ಒಂದು ಕಪ್ ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಲು ಇಡಿ. ಕುದಿ ಬಂದಾಗ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಬುಸ್ ಅಂತ ನೊರೆ ಬರುತ್ತದೆ, ಹೆದರಬೇಡಿ. ಸೋಡಾ ಸಿಪ್ಪೆಯನ್ನು ಕರಗಿಸುತ್ತದೆ. ಹತ್ತು ನಿಮಿಷಕ್ಕೆ ಗಂಜಿಯ ಹಾಗಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಒಂದು ಗಳಿಗೆ ಮುಚ್ಚಬಾರದು. ಕಾಯಿಹೋಳಿಗೆ ಹೂರಣಕ್ಕಿಂತ ಒಂದು ಹದ ಸಡಿಲ. ಇಳಿಸಿ, ಅರ್ಧ ನಿಂಬೆಹಣ್ಣು ಹಿಂಡಿ. ನಿಂಬೆ ಬಿಡಬೇಡಿ. ಅದಿಲ್ಲದಿದ್ದರೆ ಬರೀ ಸಿಹಿ, ಎರಡನೇ ತುಂಡಿಗೆ ಕೈ ಹೋಗುವುದಿಲ್ಲ. ಪೂರ್ತಿ ಆರಲಿ.

ಪುಡಿಗೆ ಓಟ್ಸ್ ಒಂದೂವರೆ ಕಪ್, ಮೈದಾ ಒಂದೂವರೆ ಕಪ್, ಬ್ರೌನ್ ಶುಗರ್ 180 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಬೆಣ್ಣೆ 200 ಗ್ರಾಂ. ಅಂಗಡಿಯ ಬೆಣ್ಣೆಯಲ್ಲಿ ಉಪ್ಪಿದ್ದರೆ ಬೇರೆ ಉಪ್ಪು ಬೇಡ. ಬ್ರೌನ್ ಶುಗರ್ ಸಿಗದಿದ್ದರೆ ಬೆಲ್ಲದ ಪುಡಿ. ನಾನು ಸಾಗರದವಳು, ಎರಡು ಚಮಚ ಜೋನಿಬೆಲ್ಲವನ್ನೂ ಸೇರಿಸುತ್ತೇನೆ. ಬೆಣ್ಣೆಯನ್ನು ಕರಗಿಸಬೇಡಿ, ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಿ. ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು, ಹೆಬ್ಬೆರಳು ಒತ್ತಿದರೆ ಉದುರಬೇಕು. ತಂಬಿಟ್ಟಿನ ಹಿಟ್ಟು ಹಿಡಿದು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಒಂಬತ್ತು ಇಂಚಿನ ಚೌಕ ತಟ್ಟೆಗೆ ಬೆಣ್ಣೆ ಕಾಗದ ಹಾಸಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪುಡಿ ಹಾಕಿ ಬಟ್ಟಲಿನ ತಳದಿಂದ ಗಟ್ಟಿಯಾಗಿ ಒತ್ತಿ. ಹೂರಣ ಹರಡಿ. ಉಳಿದ ಪುಡಿಯನ್ನು ಮೇಲೆ ಉದುರಿಸಿ, ಅಂಗೈಯಿಂದ ಸುಮ್ನೆ ತಟ್ಟಿ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ.

ಮಗಳು ಅಲ್ಲೇ ಮಾಡುವುದಾದರೆ ಒಂದು ಮಾತು ಹೇಳಿ. ಕೆನಡಾದವರು ಪೆಟ್ರೋಲನ್ನು ಲೀಟರಿನಲ್ಲಿ ಅಳೆದರೂ ಅವರ ಓವನ್ ಇನ್ನೂ ಫ್ಯಾರನ್‌ಹೀಟ್‌ನಲ್ಲಿದೆ. ನಾನು ಮೊದಲ ಸಲ 180ಕ್ಕೇ ತಿರುಗಿಸಿ ಒಂದು ಗಂಟೆ ಕಾದೆ. ತಟ್ಟೆ ಹೊರಗೆ ತೆಗೆದರೆ ಪುಡಿ ಹಾಕಿದ ಹಾಗೇ ಬೆಳ್ಳಗೆ ಕೂತಿತ್ತು. ಅದು 82 ಡಿಗ್ರಿ ಸೆಲ್ಸಿಯಸ್! ಅಲ್ಲಿ 350ಕ್ಕೆ ಇಡಬೇಕು.

ನಾನು ಮಾಡಿದ್ದು ರುಚಿ ಚೆನ್ನಾಗಿತ್ತು, ಆದರೆ ಕತ್ತರಿಸುವಾಗ ಚೂರು ಚೂರಾಯಿತು. ಕೊನೆಗೆ ಬಟ್ಟಲಿಗೆ ಹಾಕಿ ಚಮಚದಲ್ಲಿ ತಿಂದೆವು. ಎಲ್ಲಿ ತಪ್ಪಿದೆ ಮೇಡಂ?
— ಗೃಹಿಣಿ, ಉಡುಪಿ

ಪತ್ರದ ಕೊನೆಗೆ ನೀವೇ ಬರೆದಿದ್ದೀರಿ, ‘ಬಿಸಿ ಬಿಸಿಯಾಗಿ ಕತ್ತರಿಸಿದೆ’ ಅಂತ. ಅಲ್ಲೇ ತಪ್ಪಿದ್ದು. ಮೈಸೂರು ಪಾಕ್ ಮಾಡಿದ ಕೈ ಅಲ್ವಾ? ಪಾಕ ಆರಿದರೆ ಕಲ್ಲಾಗುತ್ತದೆ, ಬಿಸಿ ಇರುವಾಗಲೇ ಗೆರೆ ಹಾಕಬೇಕು. ಇಲ್ಲಿ ಉಲ್ಟಾ. ತುಂಡನ್ನು ಹಿಡಿದುಕೊಳ್ಳುವುದು ಬೆಣ್ಣೆ. ಬಿಸಿಯಲ್ಲಿ ಬೆಣ್ಣೆ ಎಣ್ಣೆಯಾಗಿರುತ್ತದೆ, ಅದು ಏನನ್ನು ಹಿಡಿದೀತು? ಎರಡು ಗಂಟೆ ಹೊರಗೆ, ಆಮೇಲೆ ಒಂದು ಗಂಟೆ ಫ್ರಿಜ್‌ನಲ್ಲಿ ಇಡಿ. ಕಾಗದ ಹಿಡಿದು ಇಡಿಯಾಗಿ ಎತ್ತಿ, ದೊಡ್ಡ ಚಾಕುವನ್ನು ನೇರ ಕೆಳಗೆ ಒತ್ತಿ. ಗರಗಸದ ಹಾಗೆ ಎಳೆಯಬೇಡಿ. ವಿನ್ನಿಪೆಗ್‌ನಲ್ಲಿ ನಾನು ತಟ್ಟೆಯನ್ನು ಹಿತ್ತಿಲ ಮೆಟ್ಟಿಲ ಮೇಲೆ ಹಿಮದಲ್ಲಿ ಇಡುತ್ತಿದ್ದೆ, ಹದಿನೈದು ನಿಮಿಷ ಸಾಕಾಗುತ್ತಿತ್ತು. ಉಡುಪಿಯ ಸೆಕೆಗೆ ಫ್ರಿಜ್ಜೇ ಗತಿ.

ಇನ್ನೊಂದು ಅನುಮಾನ ಇದೆ. ಯಾವ ಓಟ್ಸ್ ಹಾಕಿದಿರಿ? ಓಟ್ಸ್ ಅಂದರೆ ನಮ್ಮ ಅವಲಕ್ಕಿಯ ಹಾಗೆ, ಹಬೆಯಲ್ಲಿಟ್ಟು ಒತ್ತಿದ ಕಾಳು. ರೋಲ್ಡ್ ಓಟ್ಸ್ ದಪ್ಪ ಅವಲಕ್ಕಿ ಇದ್ದ ಹಾಗೆ, ಕ್ವಿಕ್ ಓಟ್ಸ್ ಪೇಪರ್ ಅವಲಕ್ಕಿ. ದಪ್ಪದ್ದರಲ್ಲಿ ಅಗಿಯಲು ಸಿಗುತ್ತದೆ, ಸಣ್ಣದ್ದು ಬೇಗ ಒಂದಕ್ಕೊಂದು ಅಂಟುತ್ತದೆ. ನಾನು ಅರ್ಧರ್ಧ ಹಾಕುತ್ತೇನೆ. ಸ್ಟೀಲ್ ಕಟ್ ಅಂತ ಬರುವುದು ಬರೀ ನುಚ್ಚು, ಅದು ಇಲ್ಲಿ ಬೇಯುವುದೂ ಇಲ್ಲ, ಕೂಡುವುದೂ ಇಲ್ಲ. ಮಸಾಲೆ ಓಟ್ಸ್ ಪ್ಯಾಕೆಟ್ ಒಡೆದು ಹಾಕಿದವರೊಬ್ಬರು ಹಾಸನದಿಂದ ಬರೆದಿದ್ದಾರೆ. ಅವರ ಮನೆಯವರ ಬಗ್ಗೆ ನನಗೆ ಮರುಕವಿದೆ.

ಮನೆಯಲ್ಲಿ ಉತ್ತುತ್ತೆ ಒಂದು ಕೆಜಿ ಇದೆ. ಅದನ್ನೇ ನೆನೆಸಿ ಹಾಕಬಹುದಾ?
— ನಿವೃತ್ತ ಶಿಕ್ಷಕಿ, ಚಿತ್ರದುರ್ಗ

ಬೇಡ. ರಾತ್ರಿಯಿಡೀ ನೆನೆಸಿದರೂ ಉತ್ತುತ್ತೆಯ ನಾರು ಹೋಗುವುದಿಲ್ಲ, ಹೂರಣ ಮರಳು ಮರಳಾಗುತ್ತದೆ. ಅದನ್ನು ಬಾಣಂತಿಯ ಅಂಟಿನುಂಡೆಗೆ ಇಟ್ಟುಕೊಳ್ಳಿ. ಇದಕ್ಕೆ ಪ್ಯಾಕೆಟ್ಟಿನಲ್ಲಿ ಬರುವ, ಬೀಜ ತೆಗೆದು ಒತ್ತಿದ ಸಾಧಾರಣ ಖರ್ಜೂರವೇ ಸಾಕು. ದುಬಾರಿ ಮೆಡ್ಜೂಲ್ ತಂದು ಬೇಯಿಸುವುದು ದುಡ್ಡು ದಂಡ. ಡಬ್ಬಿಯಲ್ಲಿ ಬರುವ ಕಪ್ಪು, ಮೆತ್ತನೆಯ ಇರಾನಿ ಖರ್ಜೂರವಾದರೆ ಅದರಲ್ಲಿ ನೀರಿನಂಶ ಜಾಸ್ತಿ. ಕಾಲು ಕಪ್ ನೀರು ಹಾಕಿ ಸಾಕು, ಸೋಡಾ ಬೇಡವೇ ಬೇಡ. ಒಂದೊಂದನ್ನೂ ಬಿಡಿಸಿ ನೋಡಿ. ಬೀಜ ತೆಗೆದದ್ದು ಅಂತ ಬರೆದ ಪ್ಯಾಕೆಟ್ಟಿನಲ್ಲೂ ಒಂದು ಬೀಜ ಕೂತಿರುತ್ತದೆ. ನಮ್ಮ ಯಜಮಾನರ ಕಡೆಹಲ್ಲಿನ ಒಂದು ಚೂರು ಹಾಗೇ ಹೋಗಿದ್ದು.

ನಮ್ಮ ಪಿಜಿಯಲ್ಲಿ ಓವನ್ ಇಲ್ಲ ಆಂಟಿ. ಕುಕ್ಕರ್ ಮಾತ್ರ ಇದೆ. ಆಗುತ್ತಾ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಆಗುತ್ತೆ ಪುಟ್ಟಿ, ಆದರೆ ಪಿಜಿಯವರನ್ನು ಕೇಳಿ ಅವರ ಹಳೇ ಕುಕ್ಕರ್ ತಗೋ. ನೀರಿಲ್ಲದೆ ಕಾಯಿಸುವುದರಿಂದ ತಳ ಕಪ್ಪಾಗುತ್ತದೆ. ಗ್ಯಾಸ್ಕೆಟ್ ಮತ್ತು ವಿಶಲ್ ಎರಡನ್ನೂ ಮರೆಯದೆ ತೆಗೆ. ಒಳಗೆ ಒಂದು ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕಾಯಿಸು. ಮೇಲೆ ಹೇಳಿದ ಅಳತೆಯ ಅರ್ಧ ಸಾಕು. ಕೆಳಗಿಂದ ಮಾತ್ರ ಶಾಖ ಬರುವುದರಿಂದ ಮೇಲಿನ ಪುಡಿ ಬಿಳಿಚಿಕೊಂಡೇ ಇರುತ್ತದೆ. ಅದಕ್ಕೆ ಉಪಾಯ ಇದೆ. ಮೇಲೆ ಉದುರಿಸುವ ಪುಡಿಯನ್ನು ಬಾಣಲೆಯಲ್ಲಿ ಮೊದಲೇ ಕೆಂಪಗೆ ಹುರಿದುಕೋ, ರವೆ ಹುರಿದ ಹಾಗೆ. ಕೊನೆಯ ಐದು ನಿಮಿಷದಲ್ಲಿ ಮುಚ್ಚಳ ತೆಗೆದು ಅದನ್ನು ಹರಡು. ಒಟ್ಟು 45 ನಿಮಿಷ ಹಿಡಿಯುತ್ತದೆ.

ಬೆಣ್ಣೆಯ ಬದಲು ಮನೆಯ ತುಪ್ಪ ಹಾಕಬಹುದೇ?
— ಕೃಷಿಕರು, ಶಿರಸಿ

ಹಾಕಿ. ಆದರೆ ಬೆಣ್ಣೆಯಲ್ಲಿ ಜಿಡ್ಡು ನೂರಕ್ಕೆ 80 ಮಾತ್ರ, ತುಪ್ಪ ಪೂರ್ತಿ ಜಿಡ್ಡು. 200 ಗ್ರಾಂ ಬೆಣ್ಣೆಯ ಜಾಗಕ್ಕೆ 160 ಗ್ರಾಂ ತುಪ್ಪ, ಮೇಲೆ ಎರಡು ಚಮಚ ಹಾಲು. ತುಪ್ಪ ಹೆಪ್ಪುಗಟ್ಟಿರಬೇಕು.

ತಂದೆಗೆ ಸಕ್ಕರೆ ಕಾಯಿಲೆ. ಓಟ್ಸು, ಖರ್ಜೂರ ಎರಡೂ ಒಳ್ಳೆಯದಂತಲ್ಲ, ಇದನ್ನು ಧಾರಾಳವಾಗಿ ಕೊಡಬಹುದಾ?
— ಮಗ, ತುಮಕೂರು

ಇಲ್ಲಪ್ಪ. ಲೆಕ್ಕ ಹಾಕಿ ನೋಡಿ. 100 ಗ್ರಾಂ ಖರ್ಜೂರದಲ್ಲಿ ಸುಮಾರು 65 ಗ್ರಾಂ ಸಕ್ಕರೆಯೇ ಇರುತ್ತದೆ. 400 ಗ್ರಾಮಿಗೆ 260 ಆಯಿತು, ಮೇಲೆ ನಾವು ಹಾಕಿದ 180. ಹದಿನಾರು ತುಂಡು ಮಾಡಿದರೆ ಒಂದೊಂದರಲ್ಲೂ 27 ಗ್ರಾಂ, ಅಂದರೆ ಟೀ ಚಮಚದಲ್ಲಿ ಆರೇಳು. ಓಟ್ಸ್ ಇದೆ ಅಂದ ಮಾತ್ರಕ್ಕೆ ಇದು ಔಷಧಿಯಾಗುವುದಿಲ್ಲ. ಆರೋಗ್ಯದ ತಿಂಡಿ ಅಂತ ಇದನ್ನು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದು ಸಿಹಿತಿಂಡಿ, ಜಿಲೇಬಿಯ ತಂಗಿ. ಅವರ ವೈದ್ಯರು ಒಪ್ಪಿದರೆ ಹಬ್ಬದ ದಿನ ಅರ್ಧ ತುಂಡು.

ನಾವು ಬ್ರ್ಯಾಂಪ್ಟನ್‌ನಲ್ಲಿದ್ದೇವೆ. ಇಲ್ಲಿ ಎಲ್ಲರೂ ‘ಡೇಟ್ ಸ್ಕ್ವೇರ್’ ಅಂತಾರೆ, ಮದುವೆ ಕೇಕ್ ಅಂದರೆ ನಗುತ್ತಾರೆ. ಯಾವುದು ಸರಿ?
— ಕನ್ನಡಿಗ ದಂಪತಿ, ಒಂಟಾರಿಯೊ

ಎರಡೂ ಸರಿ. ಮ್ಯಾನಿಟೋಬಾ, ಸಸ್ಕ್ಯಾಚುವಾನ್ ಕಡೆಯ ಬಯಲುಸೀಮೆಯವರ ಬಾಯಲ್ಲಿ ಅದು ಮದುವೆ ಕೇಕ್. ನಿಮ್ಮ ಕಡೆ ಡೇಟ್ ಸ್ಕ್ವೇರ್. ಕ್ವಿಬೆಕ್‌ಗೆ ಹೋದರೆ ಫ್ರೆಂಚಿನಲ್ಲಿ ‘ಕಾರೆ ಓ ದಾತ್’. ನಮ್ಮಲ್ಲಿ ಹೋಳಿಗೆ, ಒಬ್ಬಟ್ಟು ಅಂತ ಜಗಳ ಆಡುವುದಿಲ್ವಾ, ಹಾಗೇ. ಓಟ್ಸ್ ಹೆಚ್ಚಾಗಿ ಬೆಳೆಯುವುದು ಆ ಬಯಲುಸೀಮೆಯಲ್ಲೇ, ಹಾಗಾಗಿ ನನ್ನ ವೋಟು ಅವರಿಗೆ. ಖರ್ಜೂರದ ಮರ ಮಾತ್ರ ಇಡೀ ದೇಶದ ತೋಟಗಳಲ್ಲಿ ಹುಡುಕಿದರೂ ಸಿಗದು. ಒಣಗಿದ ಹಣ್ಣು ತಿಂಗಳುಗಟ್ಟಲೆ ಕೆಡುವುದಿಲ್ಲ, ಅದಕ್ಕೇ ಅದು ಹಿಮದ ನಾಡಿನ ಡಬ್ಬಿಗಳಲ್ಲಿ ಸೇರಿಕೊಂಡಿದೆ.

ಮಗನಿಗೆ ಹಾಸ್ಟೆಲಿಗೆ ಕಳಿಸಬೇಕು. ಎಷ್ಟು ದಿನ ಇರುತ್ತದೆ?
— ತಾಯಿ, ಕೊಪ್ಪಳ

ಚಳಿಗಾಲದಲ್ಲಿ ಹೊರಗೆ ಮೂರು ದಿನ, ಫ್ರಿಜ್‌ನಲ್ಲಿ ಒಂದು ವಾರ, ಫ್ರೀಜರ್‌ನಲ್ಲಿ ಎರಡು ತಿಂಗಳು. ಬೇಸಿಗೆಯಲ್ಲಿ ಕಳಿಸಬೇಡಿ, ದಾರಿಯಲ್ಲೇ ಬೆಣ್ಣೆ ಕರಗಿ ಡಬ್ಬಿ ಜಿಡ್ಡಾಗುತ್ತದೆ. ಕಳಿಸುವ ಹಿಂದಿನ ರಾತ್ರಿ ತುಂಡುಗಳನ್ನು ಫ್ರೀಜರಿನಲ್ಲಿಟ್ಟು ಕಲ್ಲು ಮಾಡಿ. ಬೆಳಿಗ್ಗೆ ಒಂದೊಂದನ್ನೂ ಬೆಣ್ಣೆ ಕಾಗದದಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಒತ್ತೊತ್ತಾಗಿ ಜೋಡಿಸಿ. ಮಧ್ಯೆ ಸಂದಿ ಉಳಿದರೆ ಹಳೇ ಪೇಪರ್ ತುರುಕಿ, ಇಲ್ಲದಿದ್ದರೆ ಬಸ್ಸಿನ ಕುಲುಕಾಟಕ್ಕೆ ಹಾಸ್ಟೆಲು ತಲುಪುವುದು ಬರೀ ಪುಡಿ. ಡಬ್ಬಿ ವಾಪಸ್ ತರಲು ಹೇಳಿ.