ಹಾಲು ಕುಡಿದರೆ ಕ್ಯಾನ್ಸರ್ ಬರುತ್ತಾ? ಹಸು ಕಟ್ಟಿದವರಿಗೆ ಸ್ವಲ್ಪ ಉದ್ದದ ಉತ್ತರ

ನೀವು ಕೇಳಿದ್ದು ಮೂರು ವಿಷಯ. ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಈಗ ಕೀಮೋ ನಡೆಯುತ್ತಿದೆ, ನೆಂಟರೆಲ್ಲ ಹಾಲು ಮೊಸರು ನಿಲ್ಲಿಸಿ ಅನ್ನುತ್ತಿದ್ದಾರೆ, ನಿಲ್ಲಿಸಬೇಕಾ? ವಾಟ್ಸಾಪಿನಲ್ಲಿ ಓಡಾಡುತ್ತಿರುವ "87% ಭಾರತೀಯರಿಗೆ ಕ್ಯಾನ್ಸರ್" ಅನ್ನೋದು ನಿಜವಾ? ಮನೆ ಹತ್ತಿರ ಹಾಲು ಹಾಕಿಸಿಕೊಳ್ಳುವವರು ಕೇಳಿದರೆ ಏನು ಹೇಳೋದು? ಕೆಳಗೆ ಉತ್ತರಿಸಿದವರಲ್ಲಿ ಅರ್ಧ ಜನ "ಹಾಲು ಅಮೃತ" ಅಂದರು, ಇನ್ನರ್ಧ "ಹಾಲು ವಿಷ" ಅಂದರು. ಎರಡರಿಂದಲೂ ನಿಮಗೆ ಉಪಯೋಗ ಇಲ್ಲ.

ಮೊದಲು ಆ 87% ಮುಗಿಸಿಬಿಡೋಣ. ಹಾಲಿನ ಕಲಬೆರಕೆ ನಿಲ್ಲಿಸದಿದ್ದರೆ 2025ರ ಹೊತ್ತಿಗೆ 87% ಜನಕ್ಕೆ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ ಅನ್ನೋದು ಅದರ ಸಾರ. ಸಂಸ್ಥೆ ಅಂಥ ಸಲಹೆ ಕೊಟ್ಟೇ ಇಲ್ಲ, ಕೇಂದ್ರ ಸರ್ಕಾರವೂ ಅದನ್ನು ಸುಳ್ಳು ಅಂತ ಸ್ಪಷ್ಟ ಮಾಡಿದೆ. 2025 ಬಂದೂ ಹೋಯಿತು, ಮೆಸೇಜ್ ಮಾತ್ರ ಇನ್ನೂ ಓಡುತ್ತಲೇ ಇದೆ.

ಇನ್ನು ನಿಜವಾದ ಸಂಶೋಧನೆ. ಇಲ್ಲಿ ಒಂದೇ ಸಾಲಿನ ಉತ್ತರ ಇಲ್ಲ, ಯಾಕಂದ್ರೆ ಕ್ಯಾನ್ಸರ್ ಒಂದೇ ಕಾಯಿಲೆ ಅಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ವಿಷಯದಲ್ಲಿ ಹಾಲು ನಮ್ಮ ಕಡೆಗೇ ಇದೆ. ಆಕ್ಸ್‌ಫರ್ಡ್‌ನವರು ಬ್ರಿಟನ್ನಿನ 5.4 ಲಕ್ಷ ಹೆಂಗಸರನ್ನು ಸರಾಸರಿ 16 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2025ರ ಜನವರಿಯಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 300 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಒಂದು ದೊಡ್ಡ ಲೋಟ ಹಾಲಿನಷ್ಟು, ಜಾಸ್ತಿ ತಿನ್ನುವವರಲ್ಲಿ ಈ ಕ್ಯಾನ್ಸರ್ ಸುಮಾರು 17% ಕಡಿಮೆ. ಕಾರಣವೂ ತಕ್ಕಮಟ್ಟಿಗೆ ಗೊತ್ತಿದೆ. ಕರುಳಿನಲ್ಲಿ ಪಿತ್ತದ ಆಮ್ಲಗಳನ್ನು ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ, ಕರುಳಿನ ಗೋಡೆಗೆ ಉರಿ ಕಡಿಮೆಯಾಗುತ್ತದೆ.

ಗಂಡಸರ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಬಂದರೆ ಮಾತು ಉಲ್ಟಾ. ಹಾಲು ಜಾಸ್ತಿ ಕುಡಿಯುವವರಲ್ಲಿ ಸ್ವಲ್ಪ ಹೆಚ್ಚು ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಎಲ್ಲ ಸೇರಿಸಿ ನೋಡಿದಾಗ ದಿನಕ್ಕೆ 400 ಗ್ರಾಂ ಹಾಲಿನ ಪದಾರ್ಥಕ್ಕೆ ಸುಮಾರು 7% ಹೆಚ್ಚು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2018ರಲ್ಲಿ ಇದನ್ನು "ಸೀಮಿತ ಪುರಾವೆ" ಅಂತ ಇಟ್ಟಿತು, ಕರುಳಿನ ರಕ್ಷಣೆಯನ್ನು "ಬಹುತೇಕ ನಿಜ" ಅಂತ ಒಂದು ಮೆಟ್ಟಿಲು ಮೇಲಿಟ್ಟಿತು. ಹಾಲು ಕುಡಿದರೆ ರಕ್ತದಲ್ಲಿ ಐಜಿಎಫ್-1 ಅನ್ನೋ ಬೆಳವಣಿಗೆಯ ಹಾರ್ಮೋನು ಸ್ವಲ್ಪ ಏರುತ್ತದೆ, ಅದೇ ಕಾರಣ ಇರಬಹುದು ಅನ್ನೋ ಲೆಕ್ಕಾಚಾರ. ನಮ್ಮ ಅಪ್ಪಂದಿರು ಮೂರು ಹೊತ್ತು ಕಾಫಿಯಲ್ಲಿ ಕುಡಿಯುವ ಹಾಲಿಗೆ ಇದನ್ನು ಹೇಳಿ ಹೆದರಿಸಬೇಡಿ. ದಿನಾ ಲೀಟರ್‌ಗಟ್ಟಲೆ ಕುಡಿಯುವವರು ಇದ್ದರೆ ಇಳಿಸಲಿ.

ಸ್ತನ ಕ್ಯಾನ್ಸರ್‌ದೇ ಗೊಂದಲ. ಅಮೆರಿಕದ ಅಡ್ವೆಂಟಿಸ್ಟ್ ಅನ್ನೋ ಕ್ರೈಸ್ತ ಪಂಗಡದವರ ಅಧ್ಯಯನದಲ್ಲಿ ಹಾಲು ಕುಡಿದವರಿಗೆ ಹೆಚ್ಚು. 2022ರಲ್ಲಿ ಬಂದ ಚೀನಾದ ಅಧ್ಯಯನದಲ್ಲೂ ಹೆಚ್ಚು. ಅದು 5 ಲಕ್ಷ ಜನರದ್ದು, ದಿನಕ್ಕೆ 50 ಗ್ರಾಂ ಹಾಲಿಗೆ ಸ್ತನ ಕ್ಯಾನ್ಸರ್ 17%, ಲಿವರ್ ಕ್ಯಾನ್ಸರ್ 12% ಹೆಚ್ಚು ಅಂದಿತು. ಆದರೆ ಅಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಜನ ಹಾಲನ್ನೇ ಮುಟ್ಟುವುದಿಲ್ಲ. ಕುಡಿಯುವವರು ಹೆಚ್ಚಾಗಿ ಪೇಟೆಯವರು, ಓದಿದವರು. ಅವರ ಬದುಕಿನಲ್ಲಿ ಬೇರೆ ನೂರು ವ್ಯತ್ಯಾಸ ಇರುತ್ತದೆ, ಎಲ್ಲವನ್ನೂ ಲೆಕ್ಕದಿಂದ ಕಳೆಯೋಕೆ ಆಗಲ್ಲ. ಇನ್ನೊಂದು ಕಡೆ, ಮುಟ್ಟು ನಿಲ್ಲುವ ಮುಂಚಿನ ಸ್ತನ ಕ್ಯಾನ್ಸರ್ ಹಾಲಿನಿಂದ ಕಡಿಮೆಯಾಗಬಹುದು ಅಂತಲೂ ಅದೇ 2018ರ ವರದಿಯಲ್ಲಿದೆ. ಹಾಗಾಗಿ ಅಮ್ಮನಿಗೆ ಹಾಲಿನಿಂದಲೇ ಬಂತು ಅಂತ ಯಾರಾದರೂ ಹೇಳಿದರೆ ಸುಮ್ನೆ ಎದ್ದು ಬನ್ನಿ.

ಅಮ್ಮನಿಗೆ ಈಗ ಏನು ಕೊಡಬೇಕು? ಕೊನೆ ಮಾತು ಅವರ ಡಾಕ್ಟರದ್ದು. ನಾನು ಹೇಳುವುದು ಅವರ ಹತ್ತಿರ ಏನು ಕೇಳಬೇಕು ಅನ್ನೋದನ್ನ. ಕೀಮೋ ಹೊತ್ತಿನಲ್ಲಿ ಬಾಯಿ ರುಚಿ ಹೋಗಿರುತ್ತದೆ, ತೂಕ ಇಳಿಯಬಹುದು, ಪ್ರೊಟೀನ್ ಬೇಕೇ ಬೇಕು. ಮಾಂಸ ಮೊಟ್ಟೆ ತಿನ್ನದ ಮನೆಯಲ್ಲಿ ಹಾಲು ಮೊಸರನ್ನೂ ಕಿತ್ತುಕೊಂಡರೆ ಉಳಿಯುವುದು ಅನ್ನ ಸಾರು. ಮುಂದೆ ಹಾರ್ಮೋನು ಮಾತ್ರೆ ಶುರುವಾದರೆ, ಅದರಲ್ಲೂ ಲೆಟ್ರೋಜೋಲ್ ಥರದ್ದಾದರೆ, ಮೂಳೆ ಸವೆಯುತ್ತದೆ, ಆಗ ಕ್ಯಾಲ್ಸಿಯಂ ಇನ್ನೂ ಮುಖ್ಯ. ನೂರು ಮಿಲಿ ಹಸುವಿನ ಹಾಲಿನಲ್ಲಿ 120 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ನೂರು ಗ್ರಾಂ ರಾಗಿಯಲ್ಲಿ 350 ಆಸುಪಾಸು, ಆದ್ದರಿಂದ ಮುದ್ದೆ ಅಂಬಲಿ ಬಿಡಿಸಬೇಡಿ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಹಸಿ ಹಾಲು ಬೇಡವೇ ಬೇಡ. ಕರೆದ ತಕ್ಷಣದ ನೊರೆ ಹಾಲು ಒಳ್ಳೆಯದು ಅಂತ ಹಳೇ ಕಾಲದವರು ಕೊಡಲು ಬರುತ್ತಾರೆ. ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಿರುವಾಗ ಒಂದು ಸಣ್ಣ ಸೋಂಕೂ ಆಸ್ಪತ್ರೆಗೆ ಕಳಿಸುತ್ತದೆ. ಚೆನ್ನಾಗಿ ಉಕ್ಕಿಸಿ ಕಾಯಿಸಿ. ಕಣ ತುಂಬಾ ಕಡಿಮೆ ಇರುವ ದಿನಗಳಲ್ಲಿ ಮನೆ ಮೊಸರು ಕೊಡಬಹುದಾ ಅಂತಲೂ ಡಾಕ್ಟರನ್ನೇ ಕೇಳಿ. ಭೇದಿ ಆಗುತ್ತಿದ್ದರೆ ಹಾಲು ಕೆಲವು ದಿನ ಒಗ್ಗದೇ ಇರಬಹುದು, ಆಗ ನಿಲ್ಲಿಸಿ, ಆಮೇಲೆ ಮತ್ತೆ ಶುರು ಮಾಡಿ. ಸಿಪ್ರೊಫ್ಲಾಕ್ಸಾಸಿನ್ ಥರದ ಆಂಟಿಬಯೋಟಿಕ್ ಮಾತ್ರೆಯನ್ನು ಹಾಲಿನ ಜೊತೆ ನುಂಗಿಸಬೇಡಿ, ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತದೆ. ಚಿಕಿತ್ಸೆ ಎಲ್ಲ ಮುಗಿದು ತೂಕ ಸರಿಯಾದ ಮೇಲೆ ಕೆನೆ ತೆಗೆದ ಹಾಲು ಮಜ್ಜಿಗೆ ಕಡೆ ವಾಲುವುದು ವಾಸಿ. ಸ್ತನ ಕ್ಯಾನ್ಸರ್ ಆಗಿ ಬದುಕುಳಿದ ಸುಮಾರು 1,900 ಹೆಂಗಸರ ಅಮೆರಿಕದ ಅಧ್ಯಯನ 2013ರಲ್ಲಿ ಬಂತು. ಕೊಬ್ಬು ಹೆಚ್ಚಿರುವ ಹಾಲಿನ ಪದಾರ್ಥ ಜಾಸ್ತಿ ತಿಂದವರಲ್ಲಿ ಸಾವು ಹೆಚ್ಚು ಕಂಡಿತು, ಕಡಿಮೆ ಕೊಬ್ಬಿನದರಲ್ಲಿ ಕಾಣಲಿಲ್ಲ.

ಎ2 ಹಾಲು, ಅಂದರೆ ನಾಟಿ ಹಸುವಿನದು ಅಂತ ಮಾರುವ ಹಾಲು, ಕುಡಿದರೆ ಕ್ಯಾನ್ಸರ್ ಬರಲ್ಲ ಅಂತ ಒಬ್ಬರು ಹಾಕಿದ್ದಾರೆ. ಹಾಗೆ ಹೇಳಲು ಆಧಾರ ಇಲ್ಲ. ನಾಟಿ ಹಸು ಸಾಕಿ, ಬೇಡ ಅನ್ನೋದಿಲ್ಲ, ಆದರೆ ಕ್ಯಾನ್ಸರ್ ರೋಗಿಯ ಮನೆಯವರ ಹತ್ತಿರ ಅದೇ ಹೆಸರು ಹೇಳಿ ಲೀಟರ್‌ಗೆ ಎರಡು ಪಟ್ಟು ದುಡ್ಡು ಕೀಳೋದು ನನಗೆ ಸರಿ ಕಾಣಲ್ಲ.

ಈಗ ನಮಗೆ, ಅಂದರೆ ಹಸು ಕಟ್ಟಿದವರಿಗೆ, ನಿಜವಾಗಿ ಸಂಬಂಧಪಟ್ಟ ವಿಷಯ. ಇದನ್ನು ಈ ಥ್ರೆಡ್‌ನಲ್ಲಿ ಯಾರೂ ಎತ್ತಲಿಲ್ಲ. ಬೂಷ್ಟು ಹಿಡಿದ ಹಿಂಡಿ.

ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಕೊಬ್ಬರಿ ಹಿಂಡಿ, ಮೆಕ್ಕೆಜೋಳದಲ್ಲಿ ಆಸ್ಪರ್ಜಿಲಸ್ ಅನ್ನೋ ಶಿಲೀಂಧ್ರ ಬೆಳೆದರೆ ಅಫ್ಲಾಟಾಕ್ಸಿನ್ ಬಿ1 ಅನ್ನೋ ವಿಷ ಬಿಡುತ್ತದೆ. ಲಿವರ್ ಕ್ಯಾನ್ಸರ್ ತರುವುದರಲ್ಲಿ ಇದಕ್ಕೆ ಅನುಮಾನವೇ ಇಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್ ಕಡಲೆಕಾಯಿ ಹಿಂಡಿ ತಿಂದು ಸುಮಾರು 1 ಲಕ್ಷ ಟರ್ಕಿ ಕೋಳಿ ಸತ್ತಾಗ ಇದು ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆಂದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. "ಹಾಲಿನ ಕೇಸೀನ್ ಪ್ರೊಟೀನ್‌ನಿಂದಲೇ ಕ್ಯಾನ್ಸರ್" ಅಂತ ವಿಡಿಯೊಗಳಲ್ಲಿ ತೋರಿಸುವ ಇಲಿ ಪ್ರಯೋಗ ಇದೆಯಲ್ಲ, ಅದರ ಮೂಲ ನಮ್ಮ ಹೈದರಾಬಾದ್. 1968ರಲ್ಲಿ ಅಲ್ಲಿನ ಪೋಷಣಾ ವಿಜ್ಞಾನಿಗಳಾದ ಮಾಧವನ್ ಮತ್ತು ಸಿ. ಗೋಪಾಲನ್ ಪ್ರಕಟಿಸಿದ್ದು. ಆ ಇಲಿಗಳಿಗೆ ಕೊಟ್ಟಿದ್ದು ಇದೇ ಅಫ್ಲಾಟಾಕ್ಸಿನ್! 20% ಕೇಸೀನ್ ತಿಂದ ಇಲಿಗಳಿಗೆ ಗೆಡ್ಡೆ ಬಂತು ನಿಜ. 5% ತಿಂದವಕ್ಕೆ ಗೆಡ್ಡೆ ಬರಲಿಲ್ಲ, ಆದರೆ ಅವುಗಳಲ್ಲಿ ಬಹಳಷ್ಟು ಬೇಗನೆ ಸತ್ತವು. ವಿಡಿಯೊದಲ್ಲಿ ಈ ಭಾಗ ಇರಲ್ಲ.

ಹಸು ಈ ಬಿ1 ತಿಂದರೆ ಅದರ ಒಂದಂಶ ಅಫ್ಲಾಟಾಕ್ಸಿನ್ ಎಂ1 ಆಗಿ ಬದಲಾಗಿ ಹಾಲಿಗೆ ಇಳಿಯುತ್ತದೆ. ಸಾಮಾನ್ಯವಾಗಿ 1ರಿಂದ 2%, ಜಾಸ್ತಿ ಹಾಲು ಕೊಡುವ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಜಿಯನ್) ಹಸುವಿನಲ್ಲಿ 6%ವರೆಗೂ. ಬಿ1ಗೆ ಹೋಲಿಸಿದರೆ ಎಂ1 ಶಕ್ತಿ ಹತ್ತನೇ ಒಂದರಷ್ಟು ಅಂತ ಲೆಕ್ಕ, ಆದರೆ ಮಕ್ಕಳು ದಿನಾ ಕುಡಿಯುವುದು ಅದನ್ನೇ ಅಲ್ವಾ? ಹಾಲು ಕಾಯಿಸಿದರೂ ಹೋಗಲ್ಲ, ಪಾಶ್ಚರೀಕರಣದಲ್ಲೂ ಹೋಗಲ್ಲ. ಪನೀರ್ ಮಾಡಿದರೆ ಕೇಸೀನ್‌ಗೆ ಅಂಟಿಕೊಂಡು ಇನ್ನೂ ಗಟ್ಟಿಯಾಗುತ್ತದೆ. ನಮ್ಮ ಕಾನೂನಿನ ಮಿತಿ ಕೆಜಿ ಹಾಲಿಗೆ 0.5 ಮೈಕ್ರೋಗ್ರಾಂ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ತೆಗೆದಾಗ ಸುರಕ್ಷತೆಗೆ ಧಕ್ಕೆ ತರುವ ಕಲಬೆರಕೆ ಸಿಕ್ಕಿದ್ದು ಬರೀ 12ರಲ್ಲಿ. ಎಂ1 ಮಿತಿ ಮೀರಿದ್ದು 5.7%ರಲ್ಲಿ. ನಾವೆಲ್ಲ ಯೂರಿಯಾ, ಸೋಪಿನ ಪುಡಿ ಅಂತ ಕೂಗುತ್ತಿದ್ದೆವು, ಕಳ್ಳ ಕೊಟ್ಟಿಗೆಯ ಚೀಲದಲ್ಲೇ ಇದ್ದ.

ಒಂದು ಲೆಕ್ಕ ಹಾಕೋಣ. ಹಿಂಡಿಯಲ್ಲಿ 200 ಪಿಪಿಬಿ, ಅಂದರೆ ಕೆಜಿಗೆ 200 ಮೈಕ್ರೋಗ್ರಾಂ, ವಿಷ ಇದೆ ಅಂದುಕೊಳ್ಳಿ, ಹಸು ದಿನಕ್ಕೆ 2 ಕೆಜಿ ತಿಂದರೆ 400 ಮೈಕ್ರೋಗ್ರಾಂ ಒಳಗೆ ಹೋಯಿತು. ಅದರ 2% ಅಂದರೆ 8. ಹತ್ತು ಲೀಟರ್ ಹಾಲಿಗೆ ಹಂಚಿದರೆ ಲೀಟರ್‌ಗೆ 0.8. ಮಿತಿ ಮೀರಿತು. ಪಶು ಆಹಾರಕ್ಕೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳುವ 20 ಪಿಪಿಬಿ ಒಳಗೇ ಇದ್ದರೆ 6 ಕೆಜಿ ತಿನ್ನಿಸಿದರೂ ಲೀಟರ್‌ಗೆ 0.24 ಅಷ್ಟೇ.

ಹಾಗಾದರೆ ಮಾಡುವುದೇನು? ಮುಗ್ಗಲು ವಾಸನೆ ಬಂದ ಹಿಂಡಿಯನ್ನು ಕರೆಯುವ ಹಸುವಿಗೆ ಹಾಕಲೇಬೇಡಿ, ಬಿಸಿಲಿಗೆ ಹರಡಿದರೆ ಬೂಷ್ಟು ಉದುರಬಹುದು, ವಿಷ ಪೂರ್ತಿ ಹೋಗಲ್ಲ. ಗಾಣದಲ್ಲಿ ಎಣ್ಣೆಗೆ ಹೋಗುವುದು ಎಷ್ಟೋ ಸಲ ಆರಿಸಿ ಬಿಟ್ಟ ಮುರುಟು ಕಾಯಿ, ಎಣ್ಣೆ ತೆಗೆದ ಮೇಲೆ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ, ಅದಕ್ಕೇ ತೀರಾ ಅಗ್ಗಕ್ಕೆ ಸಿಕ್ಕರೆ ಅನುಮಾನ ಪಡಿ. ಚಳ್ಳಕೆರೆ, ಪಾವಗಡ ಕಡೆಯವರು ಗಮನಿಸಿ, ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟ ವರ್ಷ ಈ ಶಿಲೀಂಧ್ರ ಹೊಲದಲ್ಲೇ ಹತ್ತಿಕೊಂಡಿರುತ್ತದೆ. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ, ಗೋಡೆಯಿಂದ ಅರ್ಧ ಅಡಿ ಬಿಟ್ಟು ಇಡಿ. ಮಳೆಗಾಲಕ್ಕೆ ಮೂರು ತಿಂಗಳ ದಾಸ್ತಾನು ಯಾಕೆ, 15 ದಿನದ್ದು ಸಾಕು. ರಸಮೇವಿನ (ಸೈಲೇಜ್) ಮೇಲ್ಪದರ ನೀಲಿ ಹಸಿರು ತಿರುಗಿದ್ದರೆ ಅದನ್ನು ಕರುಣೆ ಇಲ್ಲದೆ ತಿಪ್ಪೆಗೆ ಹಾಕಿ. ಬೆಂಟೊನೈಟ್ ಜೇಡಿಯ ಟಾಕ್ಸಿನ್ ಬೈಂಡರ್, ಅಂದರೆ ವಿಷ ಹಿಡಿದಿಡುವ ಪುಡಿ, ವಿಷ ಹಾಲಿಗೆ ಇಳಿಯುವುದನ್ನು ಕಡಿಮೆ ಮಾಡುತ್ತದೆ, ಪ್ರಮಾಣ ಪಶುವೈದ್ಯರನ್ನು ಕೇಳಿ ಹಾಕಿ, ಆದರೆ ಬೈಂಡರ್ ಇದೆ ಅಂತ ಕೆಟ್ಟ ಹಿಂಡಿ ತಿನ್ನಿಸೋದು ಬೇಡ.

ಒಳ್ಳೆಯ ಸುದ್ದಿ ಏನಂದ್ರೆ ಆಹಾರ ಬದಲಾಯಿಸಿದ ಮೂರು ನಾಲ್ಕು ದಿನಕ್ಕೆ ಹಾಲಿನಿಂದ ಎಂ1 ಬಹುತೇಕ ಹೋಗಿಬಿಡುತ್ತದೆ. ನಿಮ್ಮ ಹಾಲು ಹಾಕಿಸಿಕೊಳ್ಳುವವರು ಕೇಳಿದರೆ ಕೊಟ್ಟಿಗೆಗೆ ಕರೆದು ಹಿಂಡಿ ಚೀಲ ತೋರಿಸಿ, ಏನು ತಿನ್ನಿಸುತ್ತೀರಿ ಅಂತ ಹೇಳಿ. ಅನುಮಾನ ಇದ್ದು ಲ್ಯಾಬ್‌ಗೆ ಕಳಿಸುವುದಾದರೆ ಒಂದೇ ಚೀಲದ ಮೇಲಿಂದ ಒಂದು ಹಿಡಿ ತೆಗೆಯಬೇಡಿ. ವಿಷ ಎಲ್ಲ ಕಡೆ ಸಮ ಇರಲ್ಲ, ಒಂದು ಮೂಲೆಯಲ್ಲಿ ಗುಂಪಾಗಿರುತ್ತದೆ. ಹತ್ತಾರು ಕಡೆಯಿಂದ, ಮೇಲೆ ನಡು ತಳ ಎಲ್ಲ ಸೇರಿಸಿ ತೆಗೆದು, ಪುಡಿ ಮಾಡಿ ಕಲಸಿ, ಅದರಲ್ಲಿ ಅರ್ಧ ಕೆಜಿ ಒಣಗಿದ ಕಾಗದದ ಚೀಲದಲ್ಲಿ ಕಳಿಸಿ. ಪ್ಲಾಸ್ಟಿಕ್ ಬೇಡ, ಬೆವರಿದರೆ ದಾರಿಯಲ್ಲೇ ಬೂಷ್ಟು ಬೆಳೆಯುತ್ತದೆ.